ಅವತ್ತಿನದು ಅವತ್ತಿಗೆ

ಕಂಪ್ಲಿಯ ನಮ್ಮ ಅಜ್ಜಿ ಅಕ್ಕಿ ಅಳೆಯುವುದನ್ನು ನೋಡುತ್ತ ಕೂರುವುದು ನನಗೆ ಬಲು ಇಷ್ಟವಾಗಿತ್ತು. ಪಾವಿನಲ್ಲಿ ಅಳೆದು ಮೊರಕ್ಕೆ ಸುರಿಯುತ್ತಿದ್ದಳು. ಅಂಗೈಯಿಂದ ಹರವಿ, ಕಲ್ಲು ನೆಲ್ಲು ಆರಿಸಿ, ಎರಡು ಸಲ ಕೇರಿ, ಇನ್ನೇನು ಪಾತ್ರೆಗೆ ಹಾಕಬೇಕು ಎನ್ನುವಾಗ ಅದರಲ್ಲೇ ಒಂದು ಹಿಡಿ ತೆಗೆದು ಗೂಡಿನಲ್ಲಿದ್ದ ಹಿತ್ತಾಳೆ ಡಬ್ಬಿಗೆ ಹಾಕುತ್ತಿದ್ದಳು. ಬೆರಳ ಸಂದಿಯಿಂದ ನಾಲ್ಕು ಕಾಳು ಉದುರಿದರೆ ಅವನ್ನೂ ಹೆಕ್ಕಿ ಡಬ್ಬಿಗೇ ಸೇರಿಸಬೇಕು. ಅನ್ನದ ಪಾತ್ರೆಗೆ ಹಾಕುವಂತಿಲ್ಲ. ನೆಂಟರು ಬಂದು ಅಕ್ಕಿ ಎರಡು ಪಾವು ಹೆಚ್ಚಾದರೂ, ಯಾರಿಗೋ ಜ್ವರ ಬಂದು ಗಂಜಿಯ ಮಟ್ಟಕ್ಕೆ ಇಳಿದರೂ ಆ ಒಂದು ಹಿಡಿ ತಪ್ಪುತ್ತಿರಲಿಲ್ಲ. ಶನಿವಾರ ರಾತ್ರಿ ಡಬ್ಬಿಯಲ್ಲಿದ್ದದ್ದನ್ನು ಬಿಳಿ ಬಟ್ಟೆಯ ಚೀಲಕ್ಕೆ ಸುರಿದು ಬಾಯಿ ಕಟ್ಟಿಟ್ಟರೆ ಭಾನುವಾರ ಆರಾಧನೆಗೆ ಅದು ಅವಳ ಜೊತೆ ಹೊರಡುತ್ತಿತ್ತು. ಒಂದು ಕೈಯಲ್ಲಿ ಸತ್ಯವೇದ, ಇನ್ನೊಂದು ಕೈಯಲ್ಲಿ ಅಕ್ಕಿ ಚೀಲ. ಹಿಡಿ ಅಕ್ಕಿ ಕಾಣಿಕೆ ಎಂದು ಅದಕ್ಕೆ ಹೆಸರು. ಗಂಡ ಇಲ್ಲದ ಹೆಂಗಸರ ಮನೆಗೋ, ಹೊತ್ತಲ್ಲದ ಹೊತ್ತಿನಲ್ಲಿ ಚರ್ಚಿನ ಅಯ್ಯನವರ ಬಾಗಿಲು ತಟ್ಟುವ ಹಸಿದವರಿಗೋ ಅದು ಸೇರುತ್ತಿತ್ತು.

ಹಾಗೆಂದು ಅಜ್ಜಿಯ ಮನೆಯಲ್ಲಿ ಅಕ್ಕಿಗೆ ಬರ ಇರಲಿಲ್ಲ. ಕಂಪ್ಲಿಯಲ್ಲಿ ಅಕ್ಕಿಗೆ ಬರ ಎಂದರೆ ಯಾರೂ ನಂಬುವುದೂ ಇಲ್ಲ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಣೆಕಟ್ಟಿ ತಿರುಗಿಸಿದ ಕಾಲುವೆಗಳಲ್ಲಿ ಒಂದು ಇವತ್ತಿಗೂ ಆ ಊರಿನ ಹೆಸರಿನಲ್ಲೇ ಹರಿಯುತ್ತಿದೆ. ನಮ್ಮ ಪಡಸಾಲೆಯ ಒಂದು ಗೋಡೆ ಕಾಣದಷ್ಟು ಸೋನಾ ಮಸೂರಿಯ ಚೀಲ ಪೇರಿಸಿರುತ್ತಿದ್ದರು. ಹೊಸ ಅಕ್ಕಿ ಬಂದ ವಾರ ಮನೆಯೆಲ್ಲ ಸಿಹಿಯಾದ, ಸ್ವಲ್ಪ ಹಸಿ ಹುಲ್ಲು ಬೆರೆತ ಘಮ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ದೊಡ್ಡವರು ಗೊಣಗಿದರೂ ಅದಕ್ಕೆ ಎಮ್ಮೆ ಮೊಸರು, ಉಪ್ಪು ಕಲಸಿ ಅಂಗೈಗೆ ತುತ್ತು ಇಡುತ್ತಿದ್ದ ಅಜ್ಜಿಯ ಸುತ್ತ ನಾವು ಮಕ್ಕಳು ಜಾಗಕ್ಕೆ ಜಗಳವಾಡುತ್ತಿದ್ದೆವು.

ರಾತ್ರಿ ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಕೂತು ಪ್ರಾರ್ಥನೆ ಮಾಡುವ ರೂಢಿ. ಕೊನೆಗೆ ಕರ್ತನ ಪ್ರಾರ್ಥನೆ. ಅದರಲ್ಲಿ ಅನುದಿನದ ಆಹಾರವನ್ನು ಬೇಡುವ ಮಾತು ಬರುತ್ತದಲ್ಲ, ಅಲ್ಲಿ ಅಜ್ಜಿಯ ದನಿ ತುಸು ಏರುತ್ತಿತ್ತು. ಒಂದು ರಾತ್ರಿ ಚೀಲಗಳ ಗೋಡೆಗೆ ಒರಗಿ ಕೂತಿದ್ದ ನಾನು ಕೇಳಿದೆ: "ಅಜ್ಜಿ, ಇಷ್ಟೊಂದು ಚೀಲ ಅದಾವು. ಮತ್ತೆ ದಿನಾ ಯಾಕೆ ಕೇಳ್ತಿ?"

"ಚೀಲ ಅದಾವಂತ ಕೇಳೋದು ಬಿಟ್ರೆ, ಅದು ನಂದೇ ಅನಿಸಿಬಿಡ್ತೈತವ್ವಾ."

ಇಷ್ಟು ಹೇಳಿ ಅನ್ನ ಬಡಿಸತೊಡಗಿದಳು. ಸತ್ಯವೇದವನ್ನು ದಿನಕ್ಕೊಂದು ಅಧ್ಯಾಯದಂತೆ, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದ ಹೆಂಗಸು ಅವಳು. ವಿಮೋಚನಕಾಂಡದ ಹದಿನಾರನೆಯ ಅಧ್ಯಾಯ ಅವಳಿಗೆ ಬಾಯಿಪಾಠ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ಬೆಳಗಾಗೆದ್ದರೆ ನೆಲದ ಮೇಲೆ ಮನ್ನ ಸಿಗುತ್ತದೆ. ತಲೆಗೆ ಇಷ್ಟು ಎಂದು ಅಳತೆ. ಹೆಚ್ಚು ಕೂಡಿಸಿದವನಿಗೆ ಹೆಚ್ಚು ಉಳಿಯಲಿಲ್ಲ, ಕಡಿಮೆ ಕೂಡಿಸಿದವನಿಗೆ ಕಡಿಮೆಯಾಗಲಿಲ್ಲ. ನಾಳೆಗಿರಲಿ ಎಂದು ಮುಚ್ಚಿಟ್ಟವರ ಪಾತ್ರೆಯಲ್ಲಿ ಬೆಳಗಿನ ಹೊತ್ತಿಗೆ ಹುಳ ಬಿದ್ದು ನಾತ. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ಕೂಡಿಸಬಹುದು, ಅದು ಕೆಡುವುದಿಲ್ಲ. ಸಂಡೇ ಸ್ಕೂಲಿನಲ್ಲಿ ಈಗ ನಾನು ಈ ಕಥೆ ಹೇಳುವಾಗ ಮಕ್ಕಳಿಗೆ ಹುಳದ ಭಾಗವೇ ಇಷ್ಟ. ನನಗೆ ಆ ಅಳತೆಯ ಭಾಗ. ದೇವರು ಕೊಟ್ಟದ್ದೂ ಅತಿಯಾಗಬಹುದು, ಕೂಡಿಡುವ ಕೈಯಲ್ಲಿ ಅದು ಕೊಳೆಯಬಹುದು ಎಂದು ಅಷ್ಟು ಹಳೆಯ ಕಾಲದಲ್ಲಿ ಯಾರೋ ಕಂಡುಕೊಂಡಿದ್ದರಲ್ಲ ಎಂದು ಪ್ರತಿ ಸಲ ಆಶ್ಚರ್ಯವಾಗುತ್ತದೆ.

ನಾನೀಗ ಇರುವುದು ಹೊಸಪೇಟೆಯಲ್ಲಿ. 2021ರಲ್ಲಿ ಜಿಲ್ಲೆ ಒಡೆದು ಹೊಸಪೇಟೆ, ಹಂಪಿ ವಿಜಯನಗರಕ್ಕೆ ಸೇರಿದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ನಮ್ಮ ನೆಂಟಸ್ತಿಕೆ ಮಾತ್ರ ಈ ಗಡಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ಬೀದಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯ ತನಕ ಡೆಲಿವರಿ ಹುಡುಗರ ಬೈಕು ನಿಲ್ಲುತ್ತವೆ, ಹೊರಡುತ್ತವೆ. ಅವರಲ್ಲಿ ಒಬ್ಬಿಬ್ಬರು ನನ್ನ ಹತ್ತಿರ ಓದಿದವರು. "ಅಕ್ಕೋರೇ, ಒಟಿಪಿ ಹೇಳ್ರಿ" ಎನ್ನುವಾಗ ಅವರ ಮುಖದಲ್ಲಿ ಹಳೆಯ ಸಂಕೋಚವೇ. ಕುಡಿಯಲು ನೀರು ಕೊಟ್ಟರೆ ಅರ್ಧ ಲೋಟ ಗಟಗಟ ಕುಡಿದು, ಮೊಬೈಲಿನಲ್ಲಿ ಮುಂದಿನ ಮನೆ ನೋಡುತ್ತಲೇ ಹೊರಡುತ್ತಾರೆ. ಬಿಸಿಲಿಗೆ ಹೆಸರಾದ ಊರು ನಮ್ಮದು. ಏಪ್ರಿಲ್ ಮಧ್ಯಾಹ್ನ ಒಂದು ಜೊತೆ ಚಪ್ಪಲಿಯನ್ನೋ ಮೊಬೈಲಿನ ಕವರನ್ನೋ ಹೊತ್ತು ಆ ಹುಡುಗ ಪಟೇಲ್ ನಗರದಿಂದ ಚಿತ್ತವಾಡಿಗಿಗೆ, ಅಲ್ಲಿಂದ ಟಿ.ಬಿ. ಡ್ಯಾಮಿಗೆ ಓಡಬೇಕು. ಬೇಡವಾದರೆ ವಾಪಸ್ ಎಂಬ ಅನುಕೂಲಕ್ಕಾಗಿ ಮತ್ತೆ ಓಡಬೇಕು. ಆ ಅನುಕೂಲ ನಮ್ಮದು, ಓಟ ಅವನದು.

ಡಬ್ಬಿ ಬಿಚ್ಚುವ ಖುಷಿ ಸುಳ್ಳೆಂದು ನಾನು ಹೇಳಲಾರೆ. ಟೇಪು ಕಿತ್ತು ಒಳಗಿನ ಕಾಗದ ಸರಿಸುವಾಗ ಮನೆಯ ಚಿಕ್ಕ ಮಗುವಿನಿಂದ ಹಿಡಿದು ನಮ್ಮ ಅತ್ತೆಯವರ ತನಕ ಎಲ್ಲರೂ ಬಗ್ಗಿ ನೋಡುತ್ತಾರೆ. ಆದರೆ ಆ ಖುಷಿಗೆ ಆಯುಸ್ಸು ಕಡಿಮೆ. ಟೇಪಿನ ಉಂಡೆ ಕಸದ ಬುಟ್ಟಿಗೆ ಬೀಳುವ ಹೊತ್ತಿಗೆ ಒಳಗಿದ್ದ ವಸ್ತು ಮನೆಯ ಉಳಿದ ವಸ್ತುಗಳ ನಡುವೆ ಒಂದಾಗಿರುತ್ತದೆ. ಚಿಕ್ಕಂದಿನಲ್ಲಿ ನಮಗೆ ಹೊಸ ಬಟ್ಟೆ ಕ್ರಿಸ್‌ಮಸ್ಸಿಗೆ ಮಾತ್ರ. ಕಂಪ್ಲಿಯಿಂದ ಬಸ್ಸು ಹತ್ತಿ ಹೊಸಪೇಟೆಯ ಮೇನ್ ಬಜಾರಿಗೆ ಬಂದು, ಥಾನಿನಿಂದ ಅರಿವೆ ಹರಿಸಿ, ದರ್ಜಿಗೆ ಕೊಟ್ಟು, ಇವತ್ತು ನಾಳೆ ಎಂದು ಅವನು ಸತಾಯಿಸಿ, ಕಡೆಗೆ ಇಪ್ಪತ್ತನಾಲ್ಕರ ಸಂಜೆ ಕಾಜಾ ಹೊಲಿಸಿಕೊಂಡು ತರುವ ತನಕ ಆ ಲಂಗವನ್ನು ನಾನು ಕನಸಿನಲ್ಲಿ ಎಷ್ಟು ಸಲ ಉಟ್ಟಿದ್ದೆನೋ! ಮರುದಿನ ಬೆಳಗಿನ ಜಾವ ಗಂಟೆ ಹೊಡೆಯುವಾಗ ತೊಟ್ಟ ಆ ಗಂಜಿ ವಾಸನೆಯ ಬಟ್ಟೆಯಲ್ಲಿ ಮೂರು ತಿಂಗಳ ಕಾಯುವಿಕೆಯೂ ಸೇರಿರುತ್ತಿತ್ತು.

ಕಾಯುವುದಕ್ಕೆಂದೇ ಸಭೆಯ ಪಂಚಾಂಗದಲ್ಲಿ ಒಂದು ಕಾಲವಿದೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ. ಬರುವವನಿಗಾಗಿ ಮನಸ್ಸನ್ನು ಗುಡಿಸಿ ಸಾರಿಸಿ ಇಟ್ಟುಕೊಳ್ಳುವ ದಿನಗಳು. ಈಗ ದಸರೆಗೆ ಶುರುವಾದ ರಿಯಾಯಿತಿ ಮಾರಾಟ ದೀಪಾವಳಿ ದಾಟಿ, ಕ್ರಿಸ್‌ಮಸ್ ದಾಟಿ, ಹೊಸ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಕಾಯಲು ಸಂದಿಯೇ ಇಲ್ಲ. ಬಿದಿರಿನ ಸೀಳು ತಂದು, ಬಣ್ಣದ ಹಾಳೆ, ಮೈದಾ ಅಂಟು ಹಿಡಿದು ಅಣ್ಣಂದಿರು ಮೂರು ರಾತ್ರಿ ಕೂತು ಕಟ್ಟುತ್ತಿದ್ದ ನಕ್ಷತ್ರದ ಜಾಗದಲ್ಲಿ ಮಡಚಿದ್ದನ್ನು ಬಿಚ್ಚಿದರೆ ಸಾಕು ಎನ್ನುವ ನಕ್ಷತ್ರ ಬಂದಿದೆ. ಒಂದು ಸಮಾಧಾನ: ನಮ್ಮ ಸಂಡೇ ಸ್ಕೂಲಿನ ಮಕ್ಕಳು ಬೀದಿಯ ಮನೆಮನೆಗೆ ಹೋಗಿ ಖಾಲಿ ರಟ್ಟಿನ ಡಬ್ಬಿಗಳನ್ನು ಕೇಳಿ ತಂದು, ಕತ್ತರಿಸಿ, ಅಂಟಿಸಿ ಗೋದಲಿ ಕಟ್ಟುತ್ತಾರೆ. ಅಂಗಡಿಯ ಹೆಸರು ಒಳಮಗ್ಗುಲಿಗೆ ಬರಬೇಕೆಂದು ಅವರೇ ಮಾಡಿಕೊಂಡ ನಿಯಮ. ಹುಟ್ಟಲು ಜಾಗ ಸಿಗದೆ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿಗೆ ನಮ್ಮ ಮನೆಗಳ ಬೇಡದ ರಟ್ಟು ಗೋಡೆಯಾಗುತ್ತದೆ. ನನಗೆ ಅದಕ್ಕಿಂತ ಚೆಂದದ ಅಲಂಕಾರ ಬೇರೆ ಕಾಣದು.

ಚರ್ಚಿನಲ್ಲಿ ಸತ್ಯವೇದದ ಹಾಳೆ ಮಗುಚುವ ಸದ್ದು ಕಡಿಮೆಯಾಗಿದೆ. ಪಾಠ ಓದುವಾಗ ಹರೆಯದವರೆಲ್ಲ ಮೊಬೈಲು ತೆರೆಯುತ್ತಾರೆ. ಫೋನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪೊರೆ ಬಂದು ಕಣ್ಣು ಮಂಜಾದ ನಮ್ಮ ಅತ್ತೆಯವರು ಮಧ್ಯಾಹ್ನ ಊಟವಾದ ಮೇಲೆ ಕೀರ್ತನೆಗಳನ್ನು ಫೋನಿನಲ್ಲೇ ಕೇಳುವುದು. ಅವರ ಪಾಲಿಗೆ ಅದು ದೊಡ್ಡ ಉಪಕಾರ. ಆದರೆ ಒಂದು ಭಾನುವಾರ ಇಪ್ಪತ್ತಮೂರನೆಯ ಕೀರ್ತನೆ ಓದುತ್ತಿದ್ದಾಗ ಪಕ್ಕದಲ್ಲಿ ಕೂತ ಹುಡುಗಿಯ ಫೋನಿನ ಮೇಲೆ ನನ್ನ ಕಣ್ಣು ಬಿತ್ತು. ಕುರುಬನಿರುವಾಗ ತನಗೆ ಯಾವ ಕೊರತೆಯೂ ಇಲ್ಲ ಎಂದು ಹಾಡುವ ಕೀರ್ತನೆ ಅದು. ಆ ಸಾಲಿನ ನೆತ್ತಿಯ ಮೇಲೆಯೇ ಒಂದು ಪಟ್ಟಿ ಇಳಿಯಿತು: ನೀವು ಬುಟ್ಟಿಯಲ್ಲಿ ಬಿಟ್ಟುಬಂದ ವಸ್ತು ಕಾಯುತ್ತಿದೆ, ರಿಯಾಯಿತಿ ಇಂದು ರಾತ್ರಿಗೆ ಕೊನೆ. ಹುಡುಗಿ ಹೆಬ್ಬೆರಳಿನಿಂದ ಅದನ್ನು ಸರಿಸಿದಳು. ಅವಳ ತಪ್ಪೇನೂ ಇಲ್ಲ. ಆದರೂ ಕೊರತೆಯಿಲ್ಲ ಎಂದು ನಂಬಿದ ಮನಸ್ಸಿಗೆ ಏನನ್ನೂ ಮಾರಲಾಗದು. ಆದ್ದರಿಂದ ಕೊರತೆಯನ್ನು ಮೊದಲು ಹುಟ್ಟಿಸಬೇಕು, ಅದನ್ನು ಹುಟ್ಟಿಸುವವರು ಆರಾಧನೆಯ ಹೊತ್ತನ್ನೂ ಬಿಡುವುದಿಲ್ಲ ಎಂಬುದು ಆವತ್ತು ನನಗೆ ಕಣ್ಣಾರೆ ಕಂಡಿತು.

ಆ ಕೀರ್ತನೆ ಕನ್ನಡದಲ್ಲಿ ಅವಳ ಅಂಗೈಗೆ ಬರಲು ಎಷ್ಟು ಕಾಲ ಹಿಡಿಯಿತು ಎಂದು ನೆನೆದರೆ ಮನಸ್ಸು ನಿಧಾನವಾಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅಚ್ಚಾದ ಕನ್ನಡ ನಿಘಂಟು ಇಲ್ಲದ ಕಾಲ. ಜನರ ಬಾಯಿಂದಲೇ ಭಾಷೆ ಕಲಿತು, ತರ್ಜುಮೆ ಮಾಡಿ, ತಿದ್ದಿ, ಮತ್ತೆ ಬರೆದು, ಆಮೇಲೆ ವಿಲಿಯಂ ರೀವ್ ಕೈಜೋಡಿಸಿ, ಸತ್ಯವೇದ ಪೂರ್ತಿ ಕನ್ನಡದಲ್ಲಿ ಅಚ್ಚಾಗುವಾಗ 1831. ಬಳ್ಳಾರಿಯ ಬಿಸಿಲಿನಲ್ಲಿ ಇಪ್ಪತ್ತು ವರ್ಷ ಒಂದೇ ಕೆಲಸಕ್ಕೆ ಬಗ್ಗಿ ಕೂರುವುದು! ಅವರಿಗೆ ಕನ್ನಡ ಕಲಿಸಿದ, ಒಂದೊಂದು ಮಾತನ್ನೂ ಕೂಡಿ ತೂಗಿದ ಇಲ್ಲಿನ ಮುನ್ಷಿಗಳನ್ನೂ ನಾನು ಆ ಲೆಕ್ಕಕ್ಕೆ ಸೇರಿಸುತ್ತೇನೆ. ಅಷ್ಟು ನಿಧಾನವಾಗಿ ಬಂದ ಪುಸ್ತಕವನ್ನು ಅಜ್ಜಿಯ ಬೆರಳಿನ ವೇಗದಲ್ಲಿ ಓದುವುದೇ ಸರಿ ಎಂದು ನನ್ನ ತೀರ್ಮಾನ. ಅದಕ್ಕೇ ಚರ್ಚಿಗೆ ನಾನು ಇವತ್ತಿಗೂ ಪುಸ್ತಕವನ್ನೇ ಒಯ್ಯುತ್ತೇನೆ.

ಕ್ರಿಸ್‌ಮಸ್ಸಿಗೆ ಬಂದ ನೆಂಟರನ್ನು ಮರುದಿನವೋ ಅದರ ಮರುದಿನವೋ ಹಂಪಿಗೆ ಕರೆದೊಯ್ಯುವುದು ನಮ್ಮ ಮನೆಯ ಪದ್ಧತಿ. ಚಿತ್ರಾನ್ನ, ಉಳಿದ ಕರ್ಜಿಕಾಯಿ, ಚಕ್ಲಿ, ನೀರಿನ ಕ್ಯಾನು ಸಮೇತ. ಆ ವಾರ ಹಂಪಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಿಠ್ಠಲ ಗುಡಿಯ ಮುಂದಿನ ಬಜಾರಿನ ಉದ್ದಕ್ಕೂ ಎರಡು ಸಾಲು ಕಲ್ಲಿನ ಕಂಬಗಳು, ನಡುವೆ ಮಣ್ಣಿನ ಅಗಲ ಬೀದಿ. 1520ರ ಆಸುಪಾಸಿನಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಈ ಪಟ್ಟಣದ ಬಜಾರುಗಳಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು, ಬಟ್ಟೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಕುದುರೆ, ಕಡೆಗೆ ಸೌದೆಯ ತನಕ ಕಂಡದ್ದನ್ನೆಲ್ಲ ಬರೆದಿಟ್ಟ. ಜಗತ್ತಿನಲ್ಲಿ ಇಷ್ಟು ಸಮೃದ್ಧವಾದ ಪಟ್ಟಣ ಇನ್ನೊಂದಿಲ್ಲ ಎಂದ. ಅವನಾದ ಮೇಲೆ ಬಂದ ನೂನಿಜ್ ಕುದುರೆ ವ್ಯಾಪಾರಿ. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಅವನ ಲೆಕ್ಕ. ಈ ಇಬ್ಬರೂ ನನ್ನ ಮತದವರೇ, ಶಿಲುಬೆಯ ಗುರುತು ಹಾಕಿಕೊಂಡವರೇ. ಅವರ ಬರಹದ ತುಂಬ ಬೆಲೆ, ತೂಕ, ಸಂಖ್ಯೆ.

ನನ್ನ ಮನಸ್ಸು ಹೋಗುವುದು ಅವರಿಗಿಂತ ಮುಂಚೆ ಬಂದ ಇನ್ನೊಬ್ಬನ ಕಡೆಗೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ವಿಜಯನಗರಕ್ಕೆ ಕಳಿಸಿದ ದೂತ ಫ್ರಾ ಲೂಯಿಸ್. ಫ್ರಾನ್ಸಿಸ್ಕನ್ ಸನ್ಯಾಸಿ. ಅಂದರೆ ಅಸ್ಸಿಸಿಯ ಫ್ರಾನ್ಸಿಸನ ದಾರಿಯವನು. ಆ ಫ್ರಾನ್ಸಿಸ ಬಟ್ಟೆ ವ್ಯಾಪಾರಿಯ ಮಗ. ಅಪ್ಪನ ಐಶ್ವರ್ಯವೂ ಬೇಡ ಎಂದು ಮೈಮೇಲಿನ ಬಟ್ಟೆಯನ್ನೂ ಬಿಷಪ್ಪನ ಎದುರು ಬಿಚ್ಚಿಕೊಟ್ಟು ಬಡತನವನ್ನು ಕೈಹಿಡಿದವನು. ಅಂಥವನ ಶಿಷ್ಯ ಪರಂಪರೆಯ ಸನ್ಯಾಸಿಯೊಬ್ಬ, ಹಗ್ಗದ ಸೊಂಟಪಟ್ಟಿ ಕಟ್ಟಿಕೊಂಡು, ಆ ಕಾಲದ ಅತಿ ಶ್ರೀಮಂತ ಬಜಾರಿನ ನಡುವೆ ನಡೆದು ಅರಮನೆಗೆ ಹೋಗುತ್ತಾನೆ. ಅವನ ಕೈಗೆ ಕೊಟ್ಟಿದ್ದ ಕೆಲಸವೋ, ಕಲ್ಲಿಕೋಟೆಯ ಸಾಮೂದರಿಯ ವಿರುದ್ಧ ನೆರವು ಕೇಳುವುದು, ಬದಲಿಗೆ ಹೊರ್ಮುಜಿನ ಕುದುರೆಗಳನ್ನು ನಿಮಗೇ ಮಾರುತ್ತೇವೆ ಎಂದು ಮಾತು ಕೊಡುವುದು. ಊರಿಗೆ ಮರಳುವ ಭಾಗ್ಯ ಅವನಿಗಿರಲಿಲ್ಲ, ಇಲ್ಲಿಯೇ ಕೊಲೆಯಾದ. ಆ ಕಂಬಗಳ ನೆರಳಿನಲ್ಲಿ ಕೂತು ಚಿತ್ರಾನ್ನ ತಿನ್ನುವಾಗ ಅವನನ್ನು ನೆನೆದು ನನಗೆ ಸಂಕಟವಾಗುತ್ತದೆ. ಬಡತನದ ವ್ರತ ಹಿಡಿದವನ ಬಾಯಲ್ಲಿ ಕುದುರೆ ವ್ಯಾಪಾರದ ಮಾತು ಇಟ್ಟವರು ಯಾರು? ನಮ್ಮ ಧರ್ಮ ಈ ನೆಲಕ್ಕೆ ಬರುವಾಗ ಪದೇ ಪದೇ ಮಾರಾಟದ ಹಡಗಿನಲ್ಲೇ ಬಂತು. ಅದನ್ನು ಮುಚ್ಚಿಡಬಾರದು; ಮುಚ್ಚಿಟ್ಟರೆ ಇವತ್ತು ನಕ್ಷತ್ರ, ಕೇಕು, ಕೆಂಪು ಟೋಪಿಗಳ ಸಂತೆಯಲ್ಲಿ ಕ್ರಿಸ್ತ ಕಳೆದುಹೋದನೆಂದು ಅಳುವ ಹಕ್ಕೂ ನಮಗೆ ಇರುವುದಿಲ್ಲ.

ಅಲ್ಲಿಂದ ಹೊಳೆಯ ಕಡೆ ಇಳಿದರೆ ಪುರಂದರದಾಸರ ಮಂಟಪ. ಡ್ಯಾಮಿನಿಂದ ನೀರು ಬಿಟ್ಟಾಗ ಮುಳುಗಿ, ಇಳಿದಾಗ ಎದ್ದು ನಿಲ್ಲುವ ಮಂಟಪ. ದಾಸರ ಕಥೆಯನ್ನು ನಮ್ಮ ನಾಡಿನ ಯಾವ ಮತದ ಮಕ್ಕಳಿಗೂ ಹೇಳಿಕೊಡಬೇಕಿಲ್ಲ. ಒಡವೆ ವ್ಯಾಪಾರದ ಶ್ರೀನಿವಾಸ ನಾಯಕ, ಜಿಪುಣ. ಬಡ ಬ್ರಾಹ್ಮಣನಿಗೆ ಹೆಂಡತಿ ಕೊಟ್ಟ ಮೂಗುತಿ ತಿರುಗಿ ತನ್ನದೇ ಅಂಗಡಿಗೆ ಬಂದಾಗ ಕಣ್ಣು ತೆರೆದು, ಇದ್ದದ್ದನ್ನೆಲ್ಲ ಬಿಟ್ಟುಕೊಟ್ಟು ತಂಬೂರಿ ಹಿಡಿದು ಹಂಪಿಗೆ ಬಂದು ವ್ಯಾಸರಾಯರ ಶಿಷ್ಯರಾದರು. ಆಮೇಲೆ ಅವರದು ಗೋಪಾಳದ ಬದುಕು. ಮನೆಮನೆಯ ಮುಂದೆ ಹಾಡಿ, ಸಿಕ್ಕ ಅಕ್ಕಿಯಲ್ಲಿ ಆ ದಿನ ಉಂಡು, ಬಂದವರಿಗೆ ಉಣಿಸಿ, ನಾಳೆಗೆಂದು ಏನೂ ಉಳಿಸದೆ ಮಲಗುವುದು. ನಾನು ಮೊದಲ ಸಲ ಈ ಗೋಪಾಳದ ಮಾತು ಕೇಳಿದಾಗ ನನಗೆ ಮನ್ನ ನೆನಪಾಯಿತು. ಮೋಶೆಯ ಜೊತೆಗಿದ್ದವರಿಗೆ ಮರುಭೂಮಿ ಕಲಿಸಿದ್ದನ್ನು ದಾಸರು ರತ್ನದ ಬಜಾರಿನ ಮಗ್ಗುಲಲ್ಲೇ ಕೂತು ಕಲಿತರು. ಇದೇ ಪಟ್ಟಣದಲ್ಲಿ, ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಫ್ರಾನ್ಸಿಸನ ಶಿಷ್ಯ ಕುದುರೆಯ ಮಾತಾಡಿ ಸತ್ತ. ನವಕೋಟಿಯ ವ್ಯಾಪಾರಿ ಭಿಕ್ಷೆ ಎತ್ತಿ ಬದುಕಿದ. ಅಸ್ಸಿಸಿಯ ಫ್ರಾನ್ಸಿಸನಿಗೆ ದಾಸರ ಮನೆ ವಿಳಾಸ ಗೊತ್ತಿದ್ದರೆ ನೇರ ಅಲ್ಲಿಗೇ ಹೋಗುತ್ತಿದ್ದ. ನೆಂಟರ ಮಕ್ಕಳನ್ನು ಆ ಮಂಟಪದ ಕಲ್ಲಿನ ಮೇಲೆ ಕೂರಿಸಿ ಎರಡೂ ಕಥೆಗಳನ್ನು ಒಂದರ ಬೆನ್ನಿಗೆ ಒಂದು ಹೇಳುವುದು ನನಗೆ ಆ ದಿನದ ಅತ್ಯಂತ ರುಚಿಯಾದ ಹೊತ್ತು.

ಸಂಡೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆ. ಮಳೆಗಾಲದಲ್ಲಿ ಸುತ್ತ ಹಸಿರು ಗುಡ್ಡ, ಕುಮಾರಸ್ವಾಮಿ ಗುಡಿಯ ದಾರಿಯಲ್ಲಿ ಮಂಜು. ಈ ಶತಮಾನದ ಮೊದಲ ಹತ್ತು ವರ್ಷದಲ್ಲಿ ಆ ದಾರಿಯ ಗಿಡಮರಗಳಿಗೆ ಕುಂಕುಮ ಎರಚಿದಂತೆ ಕೆಂಪು ದೂಳು ಕೂತಿತ್ತು. ಚೀನಾದಿಂದ ಅದಿರಿಗೆ ಬೇಡಿಕೆ, ಬೀಜಿಂಗಿನ ಒಲಿಂಪಿಕ್ಸಿನ ತಯಾರಿ, ಬೆಲೆ ಆಕಾಶಕ್ಕೆ. ಲಾರಿಯ ಹಿಂದೆ ಲಾರಿ, ಹಗಲೂ ರಾತ್ರಿ. ಹೊಲದ ಮೇಲ್ಮಣ್ಣಿನಲ್ಲೇ ಅದಿರು ಸಿಕ್ಕವರು ಜೋಳದ ಬೆಳೆ ಬಿಟ್ಟು ನೆಲ ಕೆತ್ತಿಸಿದರು. ರಸ್ತೆ ಪಕ್ಕದ ಹೊಲಗಳು ಅದಿರಿನ ದಾಸ್ತಾನಿಗೆ ಬಾಡಿಗೆಗೆ ಹೋದವು. ಲೂಕನು ಬರೆದ ಸುವಾರ್ತೆಯಲ್ಲಿ ಒಬ್ಬ ಐಶ್ವರ್ಯವಂತನ ಸಾಮ್ಯವಿದೆ. ಹೊಲ ಚೆನ್ನಾಗಿ ಬೆಳೆದಾಗ, ಇದ್ದ ಕಣಜ ಕೆಡವಿ ದೊಡ್ಡದು ಕಟ್ಟಿಸುತ್ತೇನೆ, ಆಮೇಲೆ ತಿಂದು ಕುಡಿದು ಸುಖವಾಗಿರುತ್ತೇನೆ ಎಂದುಕೊಂಡವನ ಪ್ರಾಣವನ್ನು ಆ ರಾತ್ರಿಯೇ ಕೇಳಲಾಗುತ್ತದೆ. ಆ ವರ್ಷಗಳಲ್ಲಿ ಚಿಕ್ಕಮ್ಮ ಕಿಟಕಿ ಗಾಜು ಒರೆಸುತ್ತ ಹೇಳುತ್ತಿದ್ದಳು, "ಹೊತ್ತಿಗೊಂದ್ಸಲ ಒರೆಸಿದ್ರೂ ಮತ್ತೆ ಕೂರತೈತಿ ನೋಡು." ಅವಳ ಮಾತಿನಲ್ಲಿ ದೂರು ಇರಲಿಲ್ಲ, ಕೆಮ್ಮು ಇತ್ತು.

2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದೇ ತಿಂಗಳು ಹಂಪಿಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು ಎಬ್ಬಿಸಿದರು. ಒಂದೇ ತಿಂಗಳಲ್ಲಿ ಎರಡು ಮಾರುಕಟ್ಟೆ ಮುಚ್ಚಿದವು. ಎರಡನ್ನೂ ಒಂದೇ ಬಾಯಲ್ಲಿ ದುರಾಸೆ ಎಂದವರಿದ್ದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಗುಡ್ಡವನ್ನೇ ಒಂದು ದಶಕದಲ್ಲಿ ಮಾರಿ ಮುಗಿಸಹೊರಟವರದು ದುರಾಸೆ. ಎಳನೀರು, ಇಡ್ಲಿ, ಊದುಬತ್ತಿ ಮಾರಿ ಸಂಜೆಗೆ ಅಕ್ಕಿ ಕೊಳ್ಳುತ್ತಿದ್ದವರದು ಅನುದಿನದ ಆಹಾರ. ಕೊಳ್ಳುವುದು, ಮಾರುವುದು ಎಲ್ಲವೂ ಪಾಪ ಎಂದು ಪ್ರಸಂಗ ಮಾಡುವವರು ಈ ಎಳನೀರಿನವಳ ಮುಖ ನೋಡಿ ಮಾತಾಡಬೇಕು.

ಕೂಡಿಡುವುದೆಲ್ಲ ತಪ್ಪೇ ಎಂದು ಕೇಳಿದರೆ, ನಮ್ಮ ಊರಿನ ತಲೆಯ ಮೇಲೆಯೇ ಉತ್ತರ ನಿಂತಿದೆ. 2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಮರುದಿನ ಭಾನುವಾರ. ಆವತ್ತು ಆರಾಧನೆಯಲ್ಲಿ ಯಾರೂ ಫೋನು ಮುಚ್ಚಿಡಲಿಲ್ಲ, ಮುಚ್ಚಿಡಿರೆಂದು ಅಯ್ಯನವರೂ ಹೇಳಲಿಲ್ಲ. ಕಂಪ್ಲಿಯ ನಮ್ಮ ಮಾವನ ಗದ್ದೆಯಲ್ಲಿ ನಾಟಿ ಮುಗಿದಿತ್ತು. ತುಂಬಿದ ಜಲಾಶಯದಿಂದ ನೀರು ಹೊಳೆಗೆ ಬಿಡಲೇಬೇಕು, ಬಿಟ್ಟರೆ ಬೆಳೆಗೆ ಏನು ಗತಿ ಎಂಬ ಒಂದೇ ಮಾತು ಎಲ್ಲರ ಬಾಯಲ್ಲಿ. ಡ್ಯಾಮಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ತಂಡದವರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ಅದನ್ನು ತಡೆದಾಗ, ಗುಡಿ, ಮಸೀದಿ, ಚರ್ಚು ಎನ್ನದೆ ಊರಿಗೆ ಊರೇ ನಿಟ್ಟುಸಿರು ಬಿಟ್ಟಿತು. ಆದಿಕಾಂಡದ ಯೋಸೇಫನೂ ಏಳು ವರ್ಷದ ಸುಗ್ಗಿಯನ್ನು ಐಗುಪ್ತದ ಕಣಜಗಳಲ್ಲಿ ಕೂಡಿಟ್ಟವನೇ. ಬರ ಬಂದಾಗ ಆ ಕಣಜದ ಬಾಗಿಲು ತೆರೆಯಿತು. ಲೂಕನ ಐಶ್ವರ್ಯವಂತನ ಕಣಜಕ್ಕೆ ಒಬ್ಬನದೇ ಬೀಗ. ನಮ್ಮ ಡ್ಯಾಮು ಯೋಸೇಫನ ಕಣಜ. ನಾಲ್ಕು ಜಿಲ್ಲೆಗೆ, ಪಕ್ಕದ ಎರಡು ರಾಜ್ಯಕ್ಕೆ ಪಾಲು ಹಂಚುವ ಕಣಜ. ಮೊದಲು 133 ಟಿಎಂಸಿಯಷ್ಟು ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ರ ಹತ್ತಿರ ಬಂದು ನಿಂತಿದೆ. ಎಲ್ಲರಿಗೂ ಸೇರಿದ ಕಣಜವನ್ನು ಕಾಪಾಡಿಕೊಳ್ಳುವ ಚಿಂತೆ, ಮನೆಯ ಬೀರು ತುಂಬಿಸುವ ಚಿಂತೆಯಷ್ಟು ನಮ್ಮನ್ನು ಎಬ್ಬಿಸಿ ಕೂರಿಸುವುದಿಲ್ಲ ಎಂಬುದೇ ನನ್ನ ನೋವು.

ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಭತ್ತ ಮನೆಗೆ ಬಂದ ಮೇಲೆ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಆರಾಧನೆ ಮುಗಿದ ಮೇಲೆ ಅಂಗಳದ ಬೇವಿನ ಮರದ ಕೆಳಗೆ ಹರಾಜು. ವರ್ಷದಲ್ಲಿ ನನಗೆ ಅತ್ಯಂತ ಪ್ರಿಯವಾದ ಬಜಾರು ಇದೇ. ಕಂಪ್ಲಿಯಿಂದ ಬಂದ ಭತ್ತದ ಚೀಲ, ಕಮಲಾಪುರದ ಕಡೆಯ ಬಾಳೆಗೊನೆ, ಕಬ್ಬಿನ ಕಟ್ಟು, ಬೆಲ್ಲದ ಅಚ್ಚು, ಕಾಲು ಕಟ್ಟಿದ ಜವಾರಿ ಕೋಳಿ, ಮೊಟ್ಟೆ, ಶೇಂಗಾ ಚಟ್ನಿ ಪುಡಿ, ನಲವತ್ತು ಕಟಿ ರೊಟ್ಟಿಯ ಕಟ್ಟು. ಹೊಲ ಇಲ್ಲದವರು ಹೊಲಿದ ಕೌದಿ ತರುತ್ತಾರೆ, ಗೌಂಡಿ ಕೆಲಸದವರು ಒಂದು ದಿನದ ಕೂಲಿಯನ್ನು ಲಕೋಟೆಯಲ್ಲಿ ಹಾಕಿ ಇಡುತ್ತಾರೆ. ಎಲ್ಲವನ್ನೂ ಮೊದಲು ಬಲಿಪೀಠದ ಮುಂದಿಟ್ಟು ಪ್ರಾರ್ಥಿಸಿ, ಆಮೇಲೆ ಹೊರಗೆ ತಂದು ಕೂಗುವುದು. ಕೂಗುವ ಹಿರಿಯರಿಗೆ ಗಂಟಲೂ ಇದೆ, ಯಾರ ಮನೆಯಲ್ಲಿ ಈ ವರ್ಷ ಏನು ಒಳ್ಳೆಯದಾಯಿತು ಎಂಬ ಲೆಕ್ಕವೂ ಇದೆ. "ಮಗಳಿಗೆ ನರ್ಸಿಂಗ್ ಸೀಟು ಸಿಕ್ಕೈತೆ, ಇಷ್ಟಕ್ಕೇ ನಿಂತ್ರೆ ಹೆಂಗಣ್ಣಾ?" ಎಂದು ಅವರು ತಿರುಗಿದ ಕಡೆ ಬೆಲೆ ಏರುತ್ತದೆ.

ಸಂತೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ಕುಂಬಳಕಾಯಿ ಇಲ್ಲಿ ಐದುನೂರಕ್ಕೆ ಹೋಗುತ್ತದೆ. ಕೊಂಡವನಿಗೆ ಮೋಸವಾಯಿತೆಂದು ಅನಿಸುವುದಿಲ್ಲ. ಹೆಚ್ಚು ಕೊಟ್ಟಷ್ಟೂ ಅವನ ಮುಖ ಅರಳುತ್ತದೆ. ಅಗ್ಗಕ್ಕೆ ಸಿಕ್ಕರೆ ಬೇಜಾರು. ಚೌಕಾಸಿಯೆಲ್ಲ ಮೇಲ್ಮುಖ. ಆ ದುಡ್ಡು ಬಡ ಮಕ್ಕಳ ಫೀಸಿಗೆ, ಆಸ್ಪತ್ರೆಯಲ್ಲಿರುವವರ ಔಷಧಿಗೆ, ಚರ್ಚಿನ ಸುಣ್ಣಬಣ್ಣಕ್ಕೆ ಹೋಗುವುದು ಎಲ್ಲರಿಗೂ ಗೊತ್ತು. ಫೋನು ಯಾರ ಕೈಯಲ್ಲೂ ಇರುವುದಿಲ್ಲ. ಕೈಯೆತ್ತಿ ಸವಾಲು ಕೂಗಬೇಕಲ್ಲ. ಮಕ್ಕಳು ಕಬ್ಬು ಸಿಗಿಯುತ್ತ, ಸಿಪ್ಪೆ ಉಗಿಯುತ್ತ ಸುತ್ತ ಓಡಾಡುತ್ತಾರೆ. ಕೋಳಿ ಒಮ್ಮೆ ಕಟ್ಟು ಬಿಚ್ಚಿಕೊಂಡು ಓಡಿ ಎಲ್ಲರೂ ಅದರ ಹಿಂದೆ ಬಿದ್ದ ವರ್ಷವೂ ಉಂಟು.

ಹೋದ ಸಲ ಆ ಕುಂಬಳಕಾಯಿಯನ್ನು ಮೊದಲು ಕೊಂಡವನು ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿರುವ ಹುಡುಗ. ದುಡ್ಡು ಎಣಿಸಿ ಕೊಟ್ಟು, ಕಾಯಿಯನ್ನು ತಿರುಗಿ ಮೇಜಿನ ಮೇಲಿಟ್ಟ. "ಇನ್ನೊಂದ್ಸಲ ಕೂಗ್ರಿ." ಎರಡನೆಯವರು ಪಿಂಚಣಿಯ ಮೇಲಿರುವ ಹಿರಿಯ ಮೇಷ್ಟ್ರು, ಅವರೂ ದುಡ್ಡು ಕೊಟ್ಟು ಕಾಯಿ ಮುಟ್ಟದೆ ಕೂತರು. ಮೂರನೆಯ ಸಲ ಬೆಲೆ ಏರಿ ನಿಂತಾಗ ಅದನ್ನು ಕೊಂಡವಳು ಪ್ರೀತಿ ಭೋಜನದ ಅಡುಗೆ ನೋಡಿಕೊಳ್ಳುತ್ತಿದ್ದ ನಮ್ಮ ದೊಡ್ಡಕ್ಕ. ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟವಳೇ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಮೇಷ್ಟ್ರು, "ಮತ್ತೆ ಕೂಗ್ಸಲ್ಲೇನಮ್ಮಾ?" ಎಂದರು.

"ಇಲ್ರೀ ಸಾರ್, ಸಾರಿಗೆ ಹೋಳು ಸಾಲ್ದಂಗೈತೆ. ಈಳಿಗಿ ಮಣಿ ಎಲ್ಲೈತಿ, ತರ್ರಿ."